ಮಹಾರಾಣಿ ಲಕ್ಷ್ಮಮ್ಮಣ್ಣಿ: ಸಿಡುಬಿನ ವಿರುದ್ಧ ಒಂದು ಚಿತ್ರಪಟ

ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಹೆಸರು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಬರುತ್ತದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಆಳ್ವಿಕೆಯುದ್ದಕ್ಕೂ ಒಡೆಯರ್ ಮನೆತನಕ್ಕೆ ಸಿಂಹಾಸನವನ್ನು ಮರಳಿ ದೊರಕಿಸಲು ಅವರು ನಡೆಸಿದ ಗುಪ್ತ ಪ್ರಯತ್ನ ಒಂದು. 1799ರಲ್ಲಿ ಐದು ವರ್ಷವೂ ತುಂಬಿರದ ಬಾಲಕನನ್ನು ಪಟ್ಟದಲ್ಲಿ ಕೂರಿಸಿ, ಅವನು ಪ್ರಾಯಕ್ಕೆ ಬರುವವರೆಗೆ ಅರಮನೆಯ ಹಿರಿಯರಾಗಿ ನಿಂತದ್ದು ಇನ್ನೊಂದು. ಶಾಲೆಯ ಪಠ್ಯಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಅವರ ಬದುಕಿನ ಕೊನೆಯ ದಶಕಕ್ಕೆ ಸೇರಿದ ಮೂರನೆಯ ಸಂಗತಿಯೊಂದಿದೆ. ಅದಕ್ಕೆ ಯುದ್ಧದ ಸದ್ದಿಲ್ಲ, ಒಪ್ಪಂದದ ಮೊಹರಿಲ್ಲ. ಇರುವುದು ಒಂದು ತೈಲಚಿತ್ರ, ಅದರಲ್ಲಿ ಮೂವರು ಸ್ತ್ರೀಯರು, ಆ ಮೂವರಲ್ಲಿ ಒಬ್ಬಳ ತೋರಿಸಿದ ತೋಳು.

ರೋಗಿಗೆ ಚಿಕಿತ್ಸೆಯ ಲಾಭವನ್ನೂ ಅಪಾಯವನ್ನೂ ಚಿತ್ರದ ಮೂಲಕ ತಿಳಿಸುವ ಕ್ರಮ ಇಂದು ವೈದ್ಯಲೋಕದಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಅಕ್ಷರ ಬಾರದವನಿಗೂ ಅಂಕಿಗೆ ಅಂಜುವವನಿಗೂ ತನ್ನ ದೇಹದ ಬಗ್ಗೆ ತಾನೇ ನಿರ್ಧರಿಸಲು ಅದು ನೆರವಾಗುತ್ತದೆ. ಕನ್ನಡ ನೆಲದಲ್ಲಿ ಈ ಕ್ರಮಕ್ಕೆ ಪೂರ್ವಜರನ್ನು ಹುಡುಕುತ್ತ ಹೋದರೆ ದಾರಿ ಎರಡು ಶತಮಾನ ಹಿಂದಿನ ಮೈಸೂರು ಅರಮನೆಯ ಅಂತಃಪುರಕ್ಕೆ, ಅಲ್ಲಿನ ಈ ಅಜ್ಜಿಯ ಬಳಿಗೆ ತಲುಪುತ್ತದೆ.

ಮೂವತ್ತಮೂರು ವರ್ಷಗಳ ಕಾಯುವಿಕೆ

ಲಕ್ಷ್ಮಮ್ಮಣ್ಣಿಯವರು ಹುಟ್ಟಿದ್ದು 1742ರಲ್ಲಿ. ತಂದೆ ಕತ್ತಿ ಗೋಪಾಲರಾಜ ಅರಸು ದಂಡಿನ ಸರದಾರರು. ಮಗಳನ್ನು ಇಮ್ಮಡಿ ಕೃಷ್ಣರಾಜ ಒಡೆಯರಿಗೆ ಕೊಟ್ಟು ಮದುವೆ ಮಾಡಿದರು. ರಾಣಿಯಾದರೂ ಆಕೆ ಸೇರಿದ್ದು ಅಧಿಕಾರವಿಲ್ಲದ ಅರಮನೆಯನ್ನು. ಮೊದಲು ದಳವಾಯಿಗಳು ಆಳಿದರು. 1761ರ ವೇಳೆಗೆ ಹೈದರಾಲಿ ಎಲ್ಲವನ್ನೂ ಕೈಗೆ ತೆಗೆದುಕೊಂಡ. ಶ್ರೀರಂಗಪಟ್ಟಣದಲ್ಲಿ ದಸರೆಯ ದಿನ ಪ್ರಜೆಗಳಿಗೆ ದರ್ಶನ ಕೊಡುವುದಷ್ಟೇ ಅರಸರ ಪಾಲಿಗೆ ಉಳಿದ ಕೆಲಸ.

1766ರಲ್ಲಿ ಇಮ್ಮಡಿ ಕೃಷ್ಣರಾಜರು ತೀರಿಕೊಂಡಾಗ ರಾಣಿಗೆ ಇಪ್ಪತ್ತನಾಲ್ಕರ ಪ್ರಾಯ. ಆ ಸಾವಿಗೆ ಸಿಡುಬು ಕಾರಣವೆಂದು ಮುಂದೆ ಈ ಚಿತ್ರವನ್ನು ಅಧ್ಯಯನ ಮಾಡಿದ ಕೇಂಬ್ರಿಜ್‌ನ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ನಂತರದ ವರ್ಷಗಳು ಅರಮನೆಗೆ ಒಳ್ಳೆಯವಾಗಿರಲಿಲ್ಲ. ಪಟ್ಟಕ್ಕೆ ಬಂದ ನಂಜರಾಜ ಒಡೆಯರು 1770ರಲ್ಲಿ ಹತರಾದರು. ಬೆಟ್ಟದ ಚಾಮರಾಜ ಒಡೆಯರು 1776ರಲ್ಲಿ ಮಡಿದರು. ಅದೇ ವರ್ಷ ಹೈದರಾಲಿ ಬಂಧುವರ್ಗದ ಮಕ್ಕಳಲ್ಲಿ ಒಬ್ಬನನ್ನು ಆರಿಸಿ ಖಾಸಾ ಚಾಮರಾಜ ಒಡೆಯರೆಂದು ಪಟ್ಟ ಕಟ್ಟಿಸಿದ. 1796ರಲ್ಲಿ ಅವರೂ ಗತಿಸಿದಾಗ ಟಿಪ್ಪು ಹೊಸ ಅರಸನನ್ನು ನೇಮಿಸುವ ಗೋಜಿಗೇ ಹೋಗಲಿಲ್ಲ.

ಇಷ್ಟೂ ಕಾಲ ಲಕ್ಷ್ಮಮ್ಮಣ್ಣಿಯವರು ಕೈಕಟ್ಟಿ ಕುಳಿತಿರಲಿಲ್ಲ. ತಿರುಮಲರಾವ್ ಮತ್ತು ನಾರಾಯಣರಾವ್ ಎಂಬ ಪ್ರಧಾನ ಸಹೋದರರ ಮೂಲಕ ಮದ್ರಾಸಿನ ಇಂಗ್ಲಿಷರೊಡನೆ ಸಂಪರ್ಕ ಇರಿಸಿಕೊಂಡರು. 1782ರ ಅಕ್ಟೋಬರಿನಲ್ಲಿ ತಂಜಾವೂರಿನ ರೆಸಿಡೆಂಟ್ ಜಾನ್ ಸಲಿವನ್ ರಾಣಿಯ ಪರವಾಗಿ ತಿರುಮಲರಾಯರೊಡನೆ ಒಂದು ಕರಾರು ಮಾಡಿಕೊಂಡ. ಮರುವರ್ಷ ಶ್ರೀರಂಗಪಟ್ಟಣದೊಳಗೆ ನಡೆದ ಸಂಚು ಬಯಲಾಗಿ ಹಲವರು ಪ್ರಾಣ ತೆತ್ತರು. ಕಾವಲಿನಲ್ಲಿದ್ದ ವಿಧವೆಯೊಬ್ಬರು ಇಂಥ ಪತ್ರವ್ಯವಹಾರವನ್ನು ಇಷ್ಟು ದೀರ್ಘಕಾಲ ನಡೆಸಿದರೆಂದರೆ ಅವರ ಎದೆಗಾರಿಕೆಯ ಅಳತೆ ಸಿಗುತ್ತದೆ. ಈ ರಾಜಕಾರಣವನ್ನು ಮೆಚ್ಚುವವರೂ ಇದ್ದಾರೆ, ಪರಕೀಯರಿಗೆ ಬಾಗಿಲು ತೆರೆದರೆಂದು ದೂರುವವರೂ ಇದ್ದಾರೆ. ಆ ಚರ್ಚೆ ಇಲ್ಲಿ ಅಪ್ರಸ್ತುತ. ನಮಗೆ ಮುಖ್ಯವಾದದ್ದು ಒಂದೇ: ಯಾರನ್ನು ನಂಬಬೇಕು, ಎಷ್ಟು ನಂಬಬೇಕು, ನಂಬಿದರೆ ಏನು ಕಳೆದುಕೊಳ್ಳಬಹುದು ಎಂಬ ಲೆಕ್ಕಾಚಾರದಲ್ಲಿ ಆಕೆ ಮೂವತ್ತಮೂರು ವರ್ಷ ಪಳಗಿದ್ದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಜೂನ್ 30ರಂದು ಮೈಸೂರಿನಲ್ಲಿ ಖಾಸಾ ಚಾಮರಾಜರ ಪುತ್ರ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕ ನಡೆಯಿತು. ತಾಯಿಯನ್ನು ಹಸುಳೆತನದಲ್ಲೇ ಕಳೆದುಕೊಂಡಿದ್ದ ಆ ಮಗುವನ್ನು ಸಾಕಿ ಬೆಳೆಸಿದವರು ಲಕ್ಷ್ಮಮ್ಮಣ್ಣಿಯವರೇ. ದಿವಾನಗಿರಿ ಮಾತ್ರ ಅವರ ನಂಬಿಕಸ್ಥ ತಿರುಮಲರಾಯರಿಗೆ ದಕ್ಕಲಿಲ್ಲ. ಟಿಪ್ಪುವಿನ ಬಳಿ ಹಣಕಾಸು ನೋಡಿಕೊಳ್ಳುತ್ತಿದ್ದ ಪೂರ್ಣಯ್ಯನವರನ್ನೇ ಕಂಪನಿ ಆ ಸ್ಥಾನಕ್ಕೆ ಆರಿಸಿತು. ಅರಮನೆ ಅಜ್ಜಿಯ ಕೈಯಲ್ಲಿ, ಆಡಳಿತ ದಿವಾನರ ಕೈಯಲ್ಲಿ, ಅವರಿಬ್ಬರ ಮೇಲೆ ಕಂಪನಿಯ ಕಣ್ಣು. ಸಿಡುಬಿನ ಲಸಿಕೆ ಮೈಸೂರಿಗೆ ಬಂದದ್ದು ಇಂಥ ವ್ಯವಸ್ಥೆಯೊಳಕ್ಕೆ.

ತೋಳಿನಿಂದ ತೋಳಿಗೆ

ಇಂದಿನ ಯುವಕರಿಗೆ ಸಿಡುಬು ಎಂದರೆ ಒಂದು ಪದ ಮಾತ್ರ. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ; ಜಗತ್ತು ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರ ಮೇ ತಿಂಗಳಲ್ಲಿ ಘೋಷಿಸಿತು. ಅದಕ್ಕೆ ಮುಂಚೆ ಹುಟ್ಟಿದವರ ತೋಳಿನ ಮೇಲೆ ದೇವಿ ಹಾಕಿದ ಗುರುತು ಇನ್ನೂ ಇದೆ. ದೇವಿ ಹಾಕಿಸುವುದು ಎಂಬ ಮಾತೇ ಗಮನಿಸತಕ್ಕದ್ದು. ರೋಗಕ್ಕೂ ದೇವಿಯೆಂದು ಹೆಸರು, ಅದನ್ನು ತಡೆಯುವ ಉಪಾಯಕ್ಕೂ ಅದೇ ಹೆಸರು. ಕಾಯಿಲೆ ಬಂದರೆ ಅಮ್ಮ ಬಂದಿದ್ದಾಳೆ ಎಂದು ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದ ಜನ, ಸೂಜಿಯನ್ನೂ ಕೊನೆಗೆ ಆಕೆಯ ಲೆಕ್ಕಕ್ಕೇ ಬರೆದರು.

ಸಹಜವಾಗಿ ಸಿಡುಬು ತಗಲಿದ ನೂರು ಜನರಲ್ಲಿ ಸುಮಾರು 30 ಮಂದಿ ಸಾಯುತ್ತಿದ್ದರು. ಬದುಕಿದವರಲ್ಲಿ ಎಷ್ಟೋ ಜನರ ಮುಖ ಕುಳಿಬಿದ್ದು ಹೋಗುತ್ತಿತ್ತು, ಕೆಲವರ ಕಣ್ಣೂ ಹೋಗುತ್ತಿತ್ತು. ಲಸಿಕೆಗೆ ಮೊದಲೇ ಏಷ್ಯಾದಲ್ಲಿ ಒಂದು ಹಳೆಯ ಉಪಾಯವಿತ್ತು. ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತನ ಚರ್ಮಕ್ಕೆ ಚುಚ್ಚುವುದು, ಇಲ್ಲವೇ ಒಣಗಿದ ಹಕ್ಕಳೆಯ ಪುಡಿಯನ್ನು ಮೂಗಿಗೆ ಏರಿಸುವುದು. ಹಾಗೆ ಬರಿಸಿಕೊಂಡ ಸಿಡುಬು ಸಾಮಾನ್ಯವಾಗಿ ಸೌಮ್ಯವಾಗಿ ಬಂದುಹೋಗಿ ಜೀವನಪೂರ್ತಿ ರಕ್ಷಣೆ ಕೊಡುತ್ತಿತ್ತು. ಆದರೆ ನೂರಕ್ಕೆ ಒಬ್ಬಿಬ್ಬರು ಇದರಿಂದಲೇ ಸಾಯುತ್ತಿದ್ದರು. ಅದಕ್ಕಿಂತ ಕೆಟ್ಟದ್ದೆಂದರೆ ಹಾಗೆ ಬರಿಸಿಕೊಂಡವನು ಆ ದಿನಗಳಲ್ಲಿ ಅಕ್ಕಪಕ್ಕದವರಿಗೆ ನಿಜವಾದ ಸಿಡುಬನ್ನೇ ಹಂಚಬಲ್ಲವನಾಗಿದ್ದ.

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನ ರಸವನ್ನು ಬಾಲಕನೊಬ್ಬನ ತೋಳಿಗೆ ಹಚ್ಚಿ ಹೊಸ ದಾರಿ ತೆರೆದ. 1798ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿದ. ದನದಿಂದ ಬಂದ ಈ ಸೌಮ್ಯ ರೋಗ ಮನುಷ್ಯನಿಗೆ ಸಿಡುಬು ಬರಿಸದೆಯೇ ಅದರಿಂದ ಕಾಪಾಡುತ್ತಿತ್ತು. ಆದರೆ ಆ ರಸವನ್ನು ಹಡಗಿನಲ್ಲಿ ಭಾರತಕ್ಕೆ ತರುವಷ್ಟರಲ್ಲಿ ಅದು ಸತ್ವ ಕಳೆದುಕೊಳ್ಳುತ್ತಿತ್ತು. ಕಡೆಗೆ ವಿಯೆನ್ನಾ, ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಅದು ಬೊಂಬಾಯಿಗೆ ಬಂತು. 1802ರ ಜೂನ್ 14ರಂದು ಅಲ್ಲಿ ಮೂರು ವರ್ಷದ ಅನ್ನಾ ದುಸ್ತಾಲ್ ಎಂಬ ಹೆಣ್ಣುಮಗು ಭಾರತದ ಮೊದಲ ಯಶಸ್ವಿ ಲಸಿಕೆ ಪಡೆಯಿತು. ಆ ಮಗುವಿನ ತೋಳಿನ ಗುಳ್ಳೆಯಿಂದ ಇತರ ಮಕ್ಕಳಿಗೆ, ಅವರಿಂದ ಮತ್ತಷ್ಟು ಮಕ್ಕಳಿಗೆ, ಹೀಗೆ ಹೈದರಾಬಾದು, ಕೊಚ್ಚಿ, ತಲಚೇರಿ, ಚೆಂಗಲ್ಪಟ್ಟು, ಮದ್ರಾಸುಗಳನ್ನು ಮುಟ್ಟಿ ಅದು ಮೈಸೂರಿಗೂ ಬಂತು.

ಶೀತಪೆಟ್ಟಿಗೆ ಇಲ್ಲದ ಕಾಲವದು. ಲಸಿಕೆಯನ್ನು ಜೀವಂತವಾಗಿ ಉಳಿಸುವ ಪಾತ್ರೆ ಎಂದರೆ ಮನುಷ್ಯನ ತೋಳು. ಇಂದು ಹಾಕಿಸಿಕೊಂಡ ಮಗುವನ್ನು ಸುಮಾರು ಎಂಟನೆಯ ದಿನ ಮತ್ತೆ ಕರೆತಂದು, ಅದರ ಗುಳ್ಳೆಯಿಂದ ರಸ ತೆಗೆದು, ಮುಂದಿನ ಮಗುವಿಗೆ ಹಾಕಬೇಕು. ಒಬ್ಬರು ತಪ್ಪಿಸಿಕೊಂಡರೂ ಸರಪಳಿ ತುಂಡಾಗುವ ಭಯ. ಜನರ ಹಿಂಜರಿಕೆ ಬರೀ ಮೂಢನಂಬಿಕೆಯೆಂದು ತಳ್ಳಿಹಾಕುವಂತಿರಲಿಲ್ಲ. ಬೇರೆ ಜಾತಿಯ ಮಗುವಿನ ಮೈಯ ರಸ ತಮ್ಮ ಮಗುವಿನ ಮೈಗೆ ಸೇರುತ್ತದೆಂಬ ಮಡಿಯ ಪ್ರಶ್ನೆ ಒಂದೆಡೆ. ಆ ಮಗುವಿಗೆ ಇನ್ನೇನಾದರೂ ರೋಗವಿದ್ದರೆ ಅದೂ ದಾಟಿ ಬರಬಹುದೆಂಬ ಅಂಜಿಕೆ ಇನ್ನೊಂದೆಡೆ. ಎರಡನೆಯ ಅಂಜಿಕೆ ನಿರಾಧಾರವಾಗಿರಲಿಲ್ಲ; ಫರಂಗಿ ರೋಗದಂಥವು ಈ ದಾರಿಯಲ್ಲಿ ಹರಡಬಲ್ಲವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ವೈದ್ಯರೇ ಒಪ್ಪಿಕೊಳ್ಳಬೇಕಾಯಿತು.

ಮೂವರು ಸ್ತ್ರೀಯರ ಚಿತ್ರ

1805ರಲ್ಲಿ ಹನ್ನೊಂದು ವರ್ಷ ದಾಟಿದ ಮುಮ್ಮಡಿಯವರಿಗೆ ಹೆಚ್ಚುಕಡಿಮೆ ಅದೇ ಪ್ರಾಯದ ದೇವಾಜಮ್ಮಣ್ಣಿಯೆಂಬ ಕನ್ಯೆಯನ್ನು ತಂದುಕೊಂಡರು. ಅರಮನೆಯಲ್ಲಿ ಅದೇ ಹೆಸರಿನ ಹಿರಿಯ ರಾಣಿ ಆಗಲೇ ಇದ್ದಳು. ಮದುವೆಯ ಸುಮಾರಿಗೆ ಕಿರಿಯಳಿಗೆ ಲಸಿಕೆ ಹಾಕಿಸಲಾಯಿತು. ರಾಜನ ವಧುವಿಗೆ ಲಸಿಕೆ ಹಾಕಿದ ಸಂಗತಿಯನ್ನು ಎಲ್ಲರಿಗೂ ತಿಳಿಸಲು ದಿವಾನ್ ಪೂರ್ಣಯ್ಯನವರು ಒಪ್ಪಿದರು. ಮೈಸೂರಿನಲ್ಲಿ ಆಗ ರೆಸಿಡೆಂಟರ ಹೊಣೆ ನೋಡಿಕೊಳ್ಳುತ್ತಿದ್ದವರು ಇತಿಹಾಸಕಾರರೂ ಆದ ಮಾರ್ಕ್ ವಿಲ್ಕ್ಸ್. ಈ ಸುದ್ದಿ ಹಬ್ಬಿದ ಮೇಲೆ ಲಸಿಕೆಗೆ ಮುಂದೆ ಬರುವವರು ಹೆಚ್ಚಿದರೆಂದು 1806ರ ಜುಲೈ ತಿಂಗಳ ದಾಖಲೆ ಹೇಳುತ್ತದೆ.

ಇದೇ ಸಮಯದ ಒಂದು ದೊಡ್ಡ ತೈಲಚಿತ್ರವನ್ನು ಐರಿಷ್ ಕಲಾವಿದ ಥಾಮಸ್ ಹಿಕ್ಕಿ ರಚಿಸಿದ್ದಾನೆ. 1741ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿ 1824ರಲ್ಲಿ ಮದ್ರಾಸಿನಲ್ಲಿ ತೀರಿಕೊಂಡ ಈತ, ಶ್ರೀರಂಗಪಟ್ಟಣ ಪತನದ ನಂತರ ಇಲ್ಲಿಗೆ ಬಂದು ಬಾಲರಾಜರನ್ನೂ ಪೂರ್ಣಯ್ಯನವರನ್ನೂ ಚಿತ್ರಿಸಿದ್ದ. ಮೂವರು ಸ್ತ್ರೀಯರ ಚಿತ್ರ ಬಹುಕಾಲ ನರ್ತಕಿಯರ ಚಿತ್ರವೆಂದೇ ಹೆಸರಾಗಿತ್ತು. 2001ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಚಾನ್ಸೆಲರ್ ಬೇರೆಯೇ ಅರ್ಥ ಕೊಟ್ಟರು. ಚಿನ್ನದ ತೋಳ್ಗಾಪು, ತಲೆಯ ಆಭರಣಗಳು ಒಡೆಯರ್ ಮನೆತನದ ರಾಣಿಯರಿಗೆ ವಿಶಿಷ್ಟವಾದವು. ಚಿತ್ರದ ಕಾಲವೂ ಮದುವೆಯ ಕಾಲವೂ ಹೊಂದಿಕೊಳ್ಳುತ್ತವೆ. ಬಲಗಡೆಯವಳು ಕಿರಿಯ ದೇವಾಜಮ್ಮಣ್ಣಿ. ಸಾಮಾನ್ಯವಾಗಿ ಸೀರೆ ಮರೆಮಾಡಬೇಕಿದ್ದ ಎಡತೋಳನ್ನು ಆಕೆ ಮಾನಕ್ಕೆ ಕುಂದು ಬಾರದಷ್ಟು ಸರಿಸಿ, ಲಸಿಕೆ ಹಾಕಿದ ಜಾಗವನ್ನು ತೋರಿಸುತ್ತಿದ್ದಾಳೆ. ಎಡಗಡೆಯವಳು ಹಿರಿಯ ದೇವಾಜಮ್ಮಣ್ಣಿ. ಆಕೆಯ ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮದ ಬಣ್ಣ ಬದಲಾಗಿದೆ. ಹಕ್ಕಳೆಯ ಪುಡಿಯನ್ನು ಮೂಗಿಗೆ ಏರಿಸುವ ಹಳೆಯ ಪದ್ಧತಿ ಉಳಿಸಿಹೋಗುವ ಗುರುತಿಗೆ ಅದು ಹೊಂದುತ್ತದೆ. ನಡುವೆ ನಿಂತವರು ಅಜ್ಜಿ ಲಕ್ಷ್ಮಮ್ಮಣ್ಣಿ.

ಈ ಗುರುತಿಸುವಿಕೆಯನ್ನು ಎಲ್ಲರೂ ಒಪ್ಪಿಲ್ಲ ಎಂಬುದನ್ನು ಹೇಳಲೇಬೇಕು. ಅಂತಃಪುರದ ಸ್ತ್ರೀಯರು ಪರದೇಶಿ ಗಂಡಸಿನ ಮುಂದೆ ಹೀಗೆ ನಿಂತಾರೆಯೇ ಎಂಬ ಶಂಕೆ ಸಹಜವಾದದ್ದು. ಅದಕ್ಕೆ ಚಾನ್ಸೆಲರ್ ಕೊಡುವ ಸಮಾಧಾನ ನಮ್ಮ ಕಥಾನಾಯಕಿಯ ಸುತ್ತಲೇ ಇದೆ. ರಾಜ ಬೇಡವೆನ್ನಲಾರದಷ್ಟು ಚಿಕ್ಕವನು, ರಾಣಿಯರು ಒಲ್ಲೆನೆನ್ನಲಾರದಷ್ಟು ಎಳೆಯರು. ಅಜ್ಜಿಯ ಒಪ್ಪಿಗೆಯಿಲ್ಲದೆ ಇಂಥ ಚಿತ್ರ ಸಾಧ್ಯವಿರಲಿಲ್ಲ. ಗಂಡನನ್ನು ಸಿಡುಬಿಗೆ ಕಳೆದುಕೊಂಡ ಸ್ತ್ರೀ ಎಂಬುದು ನಿಜವಾದರೆ ಆಕೆ ನಡುವೆ ನಿಂತದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಈ ಓದನ್ನು ಒಪ್ಪಿ ನೋಡಿದರೆ ಚಿತ್ರದ ಜಾಣತನ ಸ್ಪಷ್ಟವಾಗುತ್ತದೆ. ಒಂದೇ ಮನೆಯ, ಒಂದೇ ಹೆಸರಿನ, ಒಂದೇ ಅಂತಸ್ತಿನ ಇಬ್ಬರು ಸೊಸೆಯರು. ಒಬ್ಬಳಿಗೆ ಹಳೆಯ ಚಿಕಿತ್ಸೆ, ಇನ್ನೊಬ್ಬಳಿಗೆ ಹೊಸದು. ಹಳೆಯದು ಮುಖದ ಮೇಲೆ ಕಲೆ ಬಿಟ್ಟಿದೆ. ಹೊಸದರ ಗುರುತು ಸೀರೆಯ ಸೆರಗಿನಡಿ ಅಡಗುವಷ್ಟು ಚಿಕ್ಕದು. ಎರಡು ಚಿಕಿತ್ಸೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವ ವಿಧಾನ ಇಂದಿನ ವೈದ್ಯಕೀಯ ಚಿತ್ರಗಳ ಮೂಲಸೂತ್ರವೂ ಹೌದು. ಅಕ್ಷರ ಬೇಕಿಲ್ಲ, ಅಂಕಿ ಬೇಕಿಲ್ಲ.

ಜಗತ್ತಿನ ಬೇರೆಡೆ ಇದೇ ಪ್ರಶ್ನೆಯನ್ನು ಅಂಕಿಗಳಲ್ಲಿ ಬಿಡಿಸುವ ಯತ್ನ ನಡೆದಿತ್ತು. ಸ್ವಿಟ್ಜರ್ಲೆಂಡಿನ ಗಣಿತಜ್ಞ ಡೇನಿಯಲ್ ಬರ್ನೂಲಿ 1760ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಒಂದು ಲೆಕ್ಕ ಇಟ್ಟ. ಎಲ್ಲರಿಗೂ ಹಳೆಯ ಪದ್ಧತಿಯಲ್ಲೇ ಸಿಡುಬು ಬರಿಸಿದರೂ, ಅದರಿಂದಾಗುವ ಸಾವುಗಳನ್ನು ಕಳೆದರೂ, ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ 26 ವರ್ಷ 7 ತಿಂಗಳಿನಿಂದ 29 ವರ್ಷ 9 ತಿಂಗಳಿಗೆ ಏರುತ್ತದೆ ಎಂಬುದು ಅದರ ಸಾರಾಂಶ. ಅಂಕಿಗಳನ್ನು ಕಂಬ ಮತ್ತು ಗೆರೆಗಳಾಗಿ ಬಿಡಿಸುವ ಪದ್ಧತಿಯನ್ನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಚಾಲ್ತಿಗೆ ತಂದ. ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾದ ರೋಗಗಳಿಂದ ಸತ್ತರೆಂದು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಬಣ್ಣದ ವೃತ್ತಚಿತ್ರದ ಮೂಲಕ ತೋರಿಸಿದರು. ಇವೆಲ್ಲ ವಿದ್ವಾಂಸರಿಗೆ, ಮಂತ್ರಿಗಳಿಗೆ, ದಂಡಿನ ಅಧಿಕಾರಿಗಳಿಗೆ ಹೇಳಿದ ಮಾತು. ತೋಳು ಒಡ್ಡಬೇಕಾದ ಮನುಷ್ಯನಿಗೇ ನೇರವಾಗಿ ತೋರಿಸಬೇಕೆಂಬ ಆಲೋಚನೆ ಇದ್ದದ್ದು ಮೈಸೂರಿನ ಚಿತ್ರದ ಹಿಂದೆ.

ಚಿತ್ರ ಹೇಳದೆ ಬಿಟ್ಟದ್ದು

ಹಾಗೆಂದು ಚಿತ್ರವನ್ನು ಹೊಗಳಿ ಮುಗಿಸಲಾಗದು. ಅದು ಲಾಭವನ್ನು ಹೇಳಿತು, ಹಳೆಯ ಪದ್ಧತಿಯ ಕೆಡುಕನ್ನು ಹೇಳಿತು. ಹೊಸ ಪದ್ಧತಿಯ ಅಪಾಯದ ಬಗ್ಗೆ ಮೌನ ತಾಳಿತು. ಜ್ವರ ಬರಬಹುದು, ಹುಣ್ಣು ಕೀವಾಗಬಹುದು, ಅನ್ಯರ ರೋಗ ದಾಟಬಹುದು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಕಂಪನಿಗೆ ಬೇಕಿದ್ದದ್ದು ಜನರ ತಿಳಿವಳಿಕೆಗಿಂತ ಜನರ ಒಪ್ಪಿಗೆ. ತೋಳು ತೋರಿಸಿದ ಬಾಲಕಿಯ ಇಚ್ಛೆಯನ್ನು ಯಾರಾದರೂ ಕೇಳಿದ್ದರೆಂದು ನಂಬುವುದು ಕಷ್ಟ. ತೈಲಚಿತ್ರವೊಂದನ್ನು ಹಳ್ಳಿಯ ರೈತ ಬಂದು ನೋಡಿದ್ದಾನೆಂದೂ ಊಹಿಸಲಾಗದು. ಜನಸಾಮಾನ್ಯರ ನಡುವೆ ಕೆಲಸ ಮಾಡಿದ್ದು ಚಿತ್ರಕ್ಕಿಂತ ಅದರ ಹಿಂದಿನ ಸುದ್ದಿ: ಅರಮನೆಯ ಸೊಸೆಗೆ ಹಾಕಿಸಿದ್ದಾರೆ, ಆಕೆ ಚೆನ್ನಾಗಿದ್ದಾಳೆ.

ಆ ಸುದ್ದಿಯ ಬೆಲೆ ಅರಿಯಲು ಅದೇ 1806ರ ಜುಲೈ ತಿಂಗಳ ಇನ್ನೊಂದು ಘಟನೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. 10ನೇ ತಾರೀಖು ವೆಲ್ಲೂರಿನ ಕೋಟೆಯಲ್ಲಿ ಸಿಪಾಯಿಗಳು ದಂಗೆ ಎದ್ದರು. ಹೊಸ ಮಾದರಿಯ ಪೇಟ ಧರಿಸಬೇಕು, ಹಣೆಯ ನಾಮ ವಿಭೂತಿ ಅಳಿಸಬೇಕು, ಗಡ್ಡ ತೆಗೆಯಬೇಕು ಎಂಬ ಆಜ್ಞೆಗಳು ಆ ದಂಗೆಯ ಕಿಡಿ. ಟಿಪ್ಪುವಿನ ಮಕ್ಕಳೂ ಆ ಕೋಟೆಯಲ್ಲೇ ಇದ್ದರು. ಮೈಯ ಮೇಲಿನ ಒಂದು ಗುರುತನ್ನು ಅಳಿಸಹೊರಟ ಕಂಪನಿ ರಕ್ತಪಾತ ಕಂಡಿತು. ಮೈಯ ಮೇಲೆ ಹೊಸದೊಂದು ಗುರುತು ಹಾಕಹೊರಟ ಅದೇ ಕಂಪನಿ ಮೈಸೂರಿನಲ್ಲಿ ಅಜ್ಜಿಯೊಬ್ಬರ ಬೆನ್ನ ಹಿಂದೆ ನಿಂತು ಕೆಲಸ ಸಾಧಿಸಿತು. ಮೊದಲನೆಯದಕ್ಕೆ ಆಜ್ಞೆ ಸಾಕೆಂದುಕೊಂಡಿದ್ದರು. ಎರಡನೆಯದಕ್ಕೆ ಜನ ನಂಬುವ ಮುಖ ಬೇಕೆಂದು ಯಾರಿಗೋ ಹೊಳೆದಿತ್ತು.

ಒಪ್ಪಿಸುವ ಚಿತ್ರ ಬೇರೆ, ತಿಳಿಸುವ ಚಿತ್ರ ಬೇರೆ ಎಂಬ ಅರಿವು ವೈದ್ಯಲೋಕಕ್ಕೆ ಬಂದದ್ದು ತೀರ ಈಚೆಗೆ. ತಿಳಿಸುವ ಚಿತ್ರದ ಮಾದರಿ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಹತ್ತು ಸಾಲು, ಸಾಲಿಗೆ ಹತ್ತು ಚುಕ್ಕಿ ಇಟ್ಟ ರಂಗೋಲಿಯನ್ನು ನೆನೆಯಿರಿ. ಒಂದೊಂದು ಚುಕ್ಕಿಯೂ ಒಬ್ಬ ಮನುಷ್ಯ. ಸಹಜ ಸಿಡುಬು ಬಂದ ನೂರು ಜನರಲ್ಲಿ ಸಾಯುವವರಿಗೆ ಕೆಂಪು ತುಂಬಿದರೆ ಮೂರು ಸಾಲು ಪೂರ್ತಿ ಕೆಂಪಾಗುತ್ತದೆ. ಹಳೆಯ ಪದ್ಧತಿಯಲ್ಲಿ ಬರಿಸಿಕೊಂಡವರ ರಂಗೋಲಿಯಲ್ಲಿ ಕೆಂಪು ಚುಕ್ಕಿ ಒಂದೋ ಎರಡೋ. ಗೋಸಿಡುಬಿನ ಲಸಿಕೆಯ ರಂಗೋಲಿಯಲ್ಲಿ ಕೆಂಪನ್ನು ಕಾಣಲು ನೂರು ಚುಕ್ಕಿ ಸಾಲದು, ಅಂಗಳವೇ ಬೇಕಾದೀತು. ಮೂರು ರಂಗೋಲಿಗಳನ್ನು ಅಕ್ಕಪಕ್ಕ ಬಿಡಿಸಿದರೆ ಶಾಲೆಯ ಮೆಟ್ಟಿಲು ಹತ್ತದವರೂ ತಮ್ಮ ಮಗುವಿಗೆ ಯಾವುದು ಬೇಕೆಂದು ಹೇಳಬಲ್ಲರು.

ಇದರ ಇನ್ನೊಂದು ಗುಣವೆಂದರೆ ಮಾತಿನ ಮೋಸವನ್ನು ಅದು ಬಯಲುಮಾಡುತ್ತದೆ. ಒಂದು ಔಷಧ ಅಪಾಯವನ್ನು ಅರ್ಧಕ್ಕೆ ಇಳಿಸುತ್ತದೆ ಎಂದು ಕೇಳಿದಾಗ ದೊಡ್ಡ ಲಾಭವೆನಿಸುತ್ತದೆ. ನೂರರಲ್ಲಿ ಇಬ್ಬರಿಗೆ ಆಗುತ್ತಿದ್ದುದು ಒಬ್ಬರಿಗೆ ಇಳಿದರೂ ಅದು ಅರ್ಧವೇ. ರಂಗೋಲಿಯಲ್ಲಿ ಬದಲಾದದ್ದು ಒಂದೇ ಚುಕ್ಕಿ. ಆ ಒಂದು ಚುಕ್ಕಿಗಾಗಿ ಎಷ್ಟು ಹಣ, ಎಷ್ಟು ಅಡ್ಡಪರಿಣಾಮ ಸಹಿಸಬೇಕು ಎಂಬುದನ್ನು ರೋಗಿ ಆಗ ತಾನೇ ತೂಗಬಹುದು.

ಇಂಥ ಚಿತ್ರ ಸರ್ಕಾರದ ನೀತಿಯ ಜೊತೆಗೇ ಜನರ ಮುಂದೆ ಬಂದ ನಿದರ್ಶನ ಕೋವಿಡ್ ಕಾಲದ್ದು. ಭಾರತದಲ್ಲಿ ಕೋವಿಶೀಲ್ಡ್ ಹೆಸರಿನಲ್ಲಿ ಕೊಟ್ಟ ಆಸ್ಟ್ರಾಜೆನೆಕಾ ಲಸಿಕೆಯಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಕಂಡಾಗ, ಕೇಂಬ್ರಿಜ್‌ನ ವಿಂಟನ್ ಕೇಂದ್ರದ ಸಂಖ್ಯಾಶಾಸ್ತ್ರಜ್ಞರು ಸಿದ್ಧಪಡಿಸಿದ ಚಿತ್ರವನ್ನು 2021ರ ಏಪ್ರಿಲ್‌ನಲ್ಲಿ ಬ್ರಿಟನ್ ಸರ್ಕಾರದ ಪತ್ರಿಕಾಗೋಷ್ಠಿಯಲ್ಲಿ ತೋರಿಸಲಾಯಿತು. ಎಡಗಡೆ ಲಸಿಕೆಯಿಂದ ತಪ್ಪುವ ತೀವ್ರನಿಗಾ ಘಟಕದ ದಾಖಲಾತಿ, ಬಲಗಡೆ ಲಸಿಕೆಯಿಂದಲೇ ಆಗಬಹುದಾದ ತೀವ್ರ ಹಾನಿ, ಒಂದೊಂದು ವಯೋಮಾನಕ್ಕೆ ಒಂದೊಂದು ಸಾಲು. ಸೋಂಕು ಕಡಿಮೆಯಿರುವಾಗ 60ರಿಂದ 69ರ ಪ್ರಾಯದ ಲಕ್ಷ ಜನರಲ್ಲಿ ಲಾಭ 14.1, ಹಾನಿ 0.2. 20ರಿಂದ 29ರ ಪ್ರಾಯದವರಲ್ಲಿ ಲಾಭ 0.8, ಹಾನಿ 1.1. ಮೂವತ್ತರ ಒಳಗಿನವರಿಗೆ ಬೇರೆ ಲಸಿಕೆ ಕೊಡುವುದು ಲೇಸೆಂದು ಅಂದು ಅಲ್ಲಿನ ತಜ್ಞರ ಸಮಿತಿ ಸಲಹೆ ನೀಡಿತು. ಅಪಾಯವನ್ನು ಮುಚ್ಚಿಡದೆ ಲಾಭದ ಎದುರಿಗೇ ಇಟ್ಟ ಚಿತ್ರವಿದು. ಮೈಸೂರಿನ ಚಿತ್ರದಲ್ಲಿ ಇಲ್ಲದ ಬಲಗಡೆಯ ಅರ್ಧ ಇಲ್ಲಿದೆ.

ನಮ್ಮಲ್ಲಿ ಈ ಅರ್ಧ ಇನ್ನೂ ಬರಬೇಕಿದೆ. ಕೃಷ್ಣಾ ತೀರದಲ್ಲಿ ಅಲ್ಲಮಪ್ರಭುವಿನ ಗುಡಿಯಿರುವ ದೇವದುರ್ಗ ತಾಲೂಕಿನ ಗೂಗಲ್‌ನಂಥ ಊರನ್ನೇ ತೆಗೆದುಕೊಳ್ಳಿ. ಲಕ್ಷ್ಮಮ್ಮಣ್ಣಿಯವರ ಕಾಲಕ್ಕೆ ರಾಯಚೂರು ಸೀಮೆ ನಿಜಾಮರದು. ಮೈಸೂರು ಅರಮನೆಯ ಸುದ್ದಿಗೆ ಇಲ್ಲಿ ಅಂಥ ಬೆಲೆ ಇದ್ದಿರಲಾರದು. ಇಂದು ಇಂಥ ಹಳ್ಳಿಗಳ ಬಸುರಿ ಹೆಂಗಸರ ಕೈಗೂ ತಾಯಿ ಕಾರ್ಡ್ ಬರುತ್ತದೆ. ಅದರಲ್ಲಿ ಮಗುವಿನ ಬೆಳವಣಿಗೆಯ ನಕ್ಷೆಯಿದೆ: ಹಸಿರು ಪಟ್ಟಿಯಲ್ಲಿ ಚುಕ್ಕಿ ಬಿದ್ದರೆ ತೂಕ ಸರಿ, ಹಳದಿಗೆ ಇಳಿದರೆ ಎಚ್ಚರ, ಅದಕ್ಕೂ ಕೆಳಗೆ ಇಳಿದರೆ ಆಸ್ಪತ್ರೆ. ಅಂಗನವಾಡಿ ಕಾರ್ಯಕರ್ತೆ ತೂಕ ನೋಡಿ ಚುಕ್ಕಿ ಇಡುತ್ತಾಳೆ. ತಾಯಿ ಬಣ್ಣ ನೋಡಿ ಅರ್ಥಮಾಡಿಕೊಳ್ಳುತ್ತಾಳೆ. ಇಷ್ಟು ಒಳ್ಳೆಯ ಚಿತ್ರ ತೂಕದ ವಿಷಯದಲ್ಲಿ ಇದ್ದ ಮೇಲೆ, ಅದೇ ತಾಯಿ ಶಸ್ತ್ರಚಿಕಿತ್ಸೆಗೆ ಹೋದಾಗ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಒಪ್ಪಿಗೆ ಪತ್ರ ಮಾತ್ರ ಸಣ್ಣ ಅಕ್ಷರಗಳ ಗದ್ಯವಾಗಿ, ಎಷ್ಟೋ ಕಡೆ ಇಂಗ್ಲಿಷಿನಲ್ಲೇ ಉಳಿದಿರುವುದೇಕೆ? ಅದರ ಹಿಂಬದಿಯಲ್ಲಿ ನೂರು ಚುಕ್ಕಿಯ ಒಂದು ರಂಗೋಲಿ ಅಚ್ಚುಹಾಕಲು ಹೆಚ್ಚು ಖರ್ಚಾಗುವುದಿಲ್ಲ.

ಕೊನೆಯ ವರ್ಷಗಳು

ಲಕ್ಷ್ಮಮ್ಮಣ್ಣಿಯವರು ಕೊನೆಯ ವರ್ಷಗಳನ್ನು ಮೊಮ್ಮಗನ ವಿದ್ಯಾಭ್ಯಾಸ, ಅರಮನೆಯ ಧರ್ಮಕಾರ್ಯಗಳ ನಡುವೆ ಕಳೆದರು. ಅಧಿಕಾರದ ಸೂತ್ರ ಪೂರ್ಣಯ್ಯನವರ ಬಳಿಯೇ ಇತ್ತು. ಮೊಮ್ಮಗ ಸ್ವತಃ ಆಡಳಿತ ವಹಿಸಿಕೊಂಡು ನೆಲೆನಿಂತದ್ದನ್ನು ನೋಡುವ ಭಾಗ್ಯ ಅವರಿಗೆ ಇರಲಿಲ್ಲ. 1810ರಲ್ಲಿ, ಅರವತ್ತೆಂಟರ ಸುಮಾರಿಗೆ, ಅವರು ತೀರಿಕೊಂಡರು. ಮರುವರ್ಷ ಪೂರ್ಣಯ್ಯನವರು ಕೆಲಸದಿಂದ ನಿವೃತ್ತರಾಗಿ 1812ರಲ್ಲಿ ಗತಿಸಿದರು. ಮುಮ್ಮಡಿಯವರ ಆಡಳಿತವನ್ನು ಕಂಪನಿ 1831ರಲ್ಲಿ ಕಿತ್ತುಕೊಂಡಿತು; ಅಜ್ಜಿ ಮೂರು ದಶಕ ಹೋರಾಡಿ ಪಡೆದದ್ದರ ಬಹುಪಾಲು ಹಾಗೆ ಕೈತಪ್ಪಿತು.

ಅಧಿಕಾರ ಹೋದ ಮೇಲೆ ಮುಮ್ಮಡಿಯವರು ಮನಸ್ಸನ್ನು ಸಾಹಿತ್ಯ, ಚದುರಂಗ, ಚಿತ್ರಗಳ ಕಡೆ ತಿರುಗಿಸಿದರು. ಅವರ ಶ್ರೀತತ್ತ್ವನಿಧಿ ದೇವತೆಗಳ ರೂಪಗಳನ್ನು ಸಚಿತ್ರವಾಗಿ ಒಂದೆಡೆ ತಂದ ಬೃಹತ್ ಗ್ರಂಥ. ಒಡೆಯರ್ ವಂಶಾವಳಿಯನ್ನು ಅರಳಿದ ತಾವರೆಯ ದಳದಳಗಳಲ್ಲಿ ಬಿಡಿಸಿದ ಸಂತಾನಾಂಬುಜ ಅವರ ಕಾಲದ ಇನ್ನೊಂದು ಸೃಷ್ಟಿ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯಲ್ಲಿ ಅದನ್ನು ನೋಡಬಹುದು. ಹೇಳಬೇಕಾದ್ದನ್ನು ನಕ್ಷೆಯಲ್ಲಿ ಕಟ್ಟಿಕೊಡುವ ಈ ಒಲವು ಆ ಬಾಲಕನಿಗೆ ಎಲ್ಲಿಂದ ಬಂತೆಂದು ಊಹಿಸುವುದು ಓದುಗರಿಗೆ ಬಿಟ್ಟದ್ದು.

ಹಿಕ್ಕಿಯ ಚಿತ್ರ ಮೈಸೂರಿನಲ್ಲಿ ಉಳಿಯಲಿಲ್ಲ. ಕೈಯಿಂದ ಕೈಗೆ ಸಾಗಿ 2007ರಲ್ಲಿ ಲಂಡನ್ನಿನ ಸದಬೀಸ್ ಸಂಸ್ಥೆಯ ಮೂಲಕ ಮಾರಾಟಕ್ಕೆ ಬಂದಿತ್ತು. ಆಗ ಅದಕ್ಕೆ ನಿರೀಕ್ಷಿಸಿದ್ದ ಬೆಲೆ 4 ಲಕ್ಷದಿಂದ 6 ಲಕ್ಷ ಪೌಂಡ್. 2020ರಲ್ಲಿ ಜಗತ್ತು ಮತ್ತೊಂದು ಲಸಿಕೆಗಾಗಿ ಕಾಯುತ್ತಿದ್ದಾಗ ಅದರ ಪ್ರತಿ ಪತ್ರಿಕೆಗಳಲ್ಲೂ ಮೊಬೈಲ್ ಪರದೆಗಳಲ್ಲೂ ಕಾಣಿಸಿಕೊಂಡಿತು. 1805ರಲ್ಲಿ ಅರಮನೆಯ ಹೊರಗೆ ಹೆಚ್ಚು ಜನ ಕಂಡಿರಲಾರದ ಆ ತೋಳನ್ನು ಮೈಸೂರು, ಮಂಡ್ಯ, ರಾಯಚೂರುಗಳ ಜನ ತಮ್ಮ ಅಂಗೈಯಲ್ಲೇ ನೋಡಿದರು.